ಸಿಂಗ್ರಿ ಸಿನಿಮಾ ಅರ್ಥ ಮಾಡಿಕೊಂಡಿದ್ದು

ಹೇಳ್ತೀನಿ ಕೇಳಿ. ನಗೋದಾದ್ರೆ ಬಾಯಿ ತುಂಬ ನಗಿ, ಮಧ್ಯೆ ಮಾತ್ರ ಎದ್ದು ಹೋಗಬೇಡಿ.

ಹೊಂಬಾಳಮ್ಮ ಅಂತ ಒಬ್ಬಳು ತಾಯಿ. ಕೋಡುಬಳೆ ಸುಟ್ಟು ಮಾರೋದು ಅವಳ ಕಸುಬು. ಅವಳಿಗೆ ಸಿಂಗ್ರಿ ಅಂತ ಒಬ್ಬನೇ ಮಗ. ಮೈ ಬೆಳೆದಿತ್ತು, ಮೀಸೆ ಬೆಳೆದಿತ್ತು, ಬುದ್ಧಿ ಮಾತ್ರ "ನೀವು ಮುಂದೆ ನಡೀರಿ, ನಾನು ಆಮೇಲೆ ಬರ್ತೀನಿ" ಅಂತ ಹಿಂದೆಯೇ ನಿಂತುಬಿಟ್ಟಿತ್ತು.

"ಮಗಾ, ಒಲೆ ಮೇಲೆ ಹಾಲಿಟ್ಟಿವ್ನಿ, ನೋಡ್ಕೊ" ಅಂದಳು ಒಂದು ದಿನ. ಸಿಂಗ್ರಿ ನೋಡಿದ. ಹಾಲು ಕಾಯಿತು, ನೋಡಿದ. ಹಾಲು ಉಕ್ಕಿತು, ನೋಡಿದ. ಹಾಲೆಲ್ಲ ಒಲೆಗೆ ಸುರೀತು, ಅದನ್ನೂ ನೋಡಿದ.

"ಅಯ್ಯೋ, ನೋಡ್ಕೊ ಅಂದಿರ್ಲಿಲ್ವೇನ್ಲಾ!"

"ಒಂಚೂರೂ ಬಿಡದಂಗೆ ನೋಡ್ದೆ ಕಣವ್ವ! ಬಲು ಚೆನ್ನಾಗಿತ್ತು!"

ಹೊಂಬಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಾನು ಕಣ್ಣು ಮುಚ್ಚಿದ ಮ್ಯಾಲೆ ನಿನ್ನ ಯಾರ್ಲಾ ನೋಡ್ಕತಾರೆ?"

"ಕಣ್ಣು ಮುಚ್ಚಬ್ಯಾಡ ಕಣವ್ವ, ಬಿಟ್ಕೊಂಡೇ ಇರು!"

ಅವಳಿಗೆ ಇದ್ದದ್ದು ಅದೊಂದೇ ಚಿಂತೆ. ಈ ಪೆದ್ದನನ್ನು ಒಂದು ಒಳ್ಳೆ ಹೆಣ್ಣಿನ ಕೈಗೆ ಒಪ್ಪಿಸಿಬಿಟ್ಟರೆ ಸಾಕು, ಆಮೇಲೆ ನೆಮ್ಮದಿಯಾಗಿ ಉಸಿರು ಬಿಡಬಹುದು. ಊರಲ್ಲಿ ಕೇಳಿದ ಕಡೆಯಲ್ಲೆಲ್ಲ ಬಾಗಿಲು ಹಾಕಿಕೊಂಡರು. ಉಳಿದದ್ದು ಒಂದೇ ಮನೆ, ವರಸೆಯಲ್ಲಿ ಅವಳಿಗೆ ಅಣ್ಣನಾಗಬೇಕಾದ ಚನ್ನಿಗಪ್ಪ ಮೇಷ್ಟ್ರ ಮನೆ. ಮಗಳು ಕುಮುದ. ತಾಯಿ ಇಲ್ಲದ ಮನೆಯನ್ನು ತೂಗಿಸಿಕೊಂಡು, ಮಷೀನಿನಲ್ಲಿ ರವಿಕೆ ಹೊಲೀತಿದ್ದಳು. ಚೂಟಿ ಹುಡುಗಿ.

ಮೇಷ್ಟ್ರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಸಿನಿಮಾ ಹುಚ್ಚು. ಆ ಹುಚ್ಚೂ ಎಂಥದ್ದು ಅಂತೀರಿ, ಕುಣಿತ ಇರಬಾರದು, ಹೊಡೆದಾಟ ಇರಬಾರದು, ಹಾಡಂತೂ ಬೇಡವೇ ಬೇಡ. ಭಾನುವಾರ ಮಧ್ಯಾಹ್ನ ಮಿಡ್ಲ್ ಸ್ಕೂಲಿನ ಕೊಠಡಿಯಲ್ಲಿ ಕಿಟಕಿಗೆಲ್ಲ ಕಂಬಳಿ ಮುಚ್ಚಿ, ಗೋಡೆಗೆ ಒಂದು ಬಿಳೀ ಖಾದಿ ಪಂಚೆ ಕಟ್ಟಿ, ಅದರ ಮೇಲೆ ಬೆಳಕು ಬಿಟ್ಟು ನೋಡೋರು. ಒಬ್ಬ ಮುದುಕ ನಡೀತಾನೆ. ನಡೀತಾನೆ. ಇನ್ನೂ ನಡೀತಾನೆ. ಒಂದು ಹಸು ತಿರುಗಿ ನೋಡುತ್ತೆ. ಬಾಗಿಲು ಕಿರ್ ಅನ್ನುತ್ತೆ. ಸಿನಿಮಾ ಆಯಿತು! ಆಮೇಲೆ ಚರ್ಚೆ. ಮುದುಕ ಯಾಕೆ ನಡೆದ? ಹಸು ಯಾರನ್ನು ನೋಡಿತು? ಬಾಗಿಲು ಅಂದರೆ ಏನು? ಬಾಗಿಲು ಅಂದರೆ ಬಾಗಿಲಲ್ಲವಂತೆ! ಔಷಧಿ ಅಂಗಡಿ ಧರಣೇಂದ್ರಯ್ಯ ಒಂದು ಹೇಳೋರು, ಮೇಷ್ಟ್ರು ಇನ್ನೊಂದು ಹೇಳೋರು, ಉಳಿದವರು ಕೋಡುಬಳೆ ಕಡಿಯುತ್ತ ತಲೆ ಆಡಿಸೋರು. ಸಿನಿಮಾದ ಕೊನೆಗೆ ಮದುವೆಯಾಗಿ "ಶುಭಂ" ಅಂತ ಅಕ್ಷರ ಬಂತೋ, ಮೇಷ್ಟ್ರು ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡೋರು.

ಹೆಣ್ಣು ಕೇಳಲು ಹೋದ ಹೊಂಬಾಳಮ್ಮನಿಗೆ ಅವರು ಹೇಳಿದರು, "ನೋಡು ಹೊಂಬಾಳು, ನಿನ್ನ ಮಗ ಬಡವನೋ ಬಲ್ಲಿದನೋ ನಂಗೆ ಬೇಕಿಲ್ಲ. ಸಿನಿಮಾ ಅರ್ಥ ಆಗದೋನಿಗೆ ಮಗಳನ್ನ ಕೊಡಲ್ಲ. ಭಾನುವಾರ ಬರಲಿ, ನೋಡಲಿ, ನೋಡಿದ್ದರ ಬಗ್ಗೆ ಮಾತಾಡಲಿ."

ಹೊಂಬಾಳಮ್ಮ ಓಡಿ ಬಂದಳು. "ಮಗಾ, ಸಿನಿಮಾನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಬೇಕು. ತಿಳೀತಾ?"

"ತಿಳೀತವ್ವ!"

ತಿಳಿದುಬಿಟ್ಟಿತು ಅವನಿಗೆ! ಭಾನುವಾರ ಹೊರಡುವಾಗ ಗೂಡಿನಲ್ಲಿದ್ದ ಹರಳೆಣ್ಣೆ ಶೀಸೆ ತೆಗೆದು ಈ ಕಣ್ಣಿಗೊಂದಿಷ್ಟು, ಆ ಕಣ್ಣಿಗೊಂದಿಷ್ಟು ಬಿಟ್ಟುಕೊಂಡ. ಗೋಡೆ ತಡಕಿಕೊಂಡು ಹೋಗಿ ಕೂತ. ಪಂಚೆಯ ಮೇಲೆ ಹಸು ತಿರುಗಿ ನೋಡಿದಾಗ ಸಿಂಗ್ರಿಯ ಕಣ್ಣಿಂದ ನೀರು ಧಾರಾಕಾರ.

ಮೇಷ್ಟ್ರು ಹಿಗ್ಗಿಹೋದರು. "ಧರಣೇಂದ್ರಯ್ಯ, ನೋಡ್ರೀ! ಹಸು ನೋಡಿ ಅಳ್ತಿದಾನೆ! ಇಷ್ಟು ವರ್ಷದಲ್ಲಿ ನಾವ್ಯಾರಾದ್ರೂ ಅತ್ತಿದ್ವಾ?" ದೀಪ ಹಾಕಿದ ಕೂಡಲೇ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು. "ಹೇಳಪ್ಪ, ಏನು ನಿನ್ನ ಅಷ್ಟೊಂದು ಅಳಿಸ್ತು?"

"ಹರಳೆಣ್ಣೆ, ಮಾವ!"

ಮೇಷ್ಟ್ರು ಕೈ ತೆಗೆದರು. ಕೈಯೆಲ್ಲ ಜಿಡ್ಡು! "ಪೆದ್ದೇ! ಎಣ್ಣೆ ಹಾಕಿದ್ರೆ ಸಿನಿಮಾ ಕಾಣುತ್ತೇನೋ? ಪಾತ್ರದೊಳಗೆ ಇಳೀಬೇಕು! ಪಾತ್ರದೊಳಗೆ ಕೂತು ನೋಡ್ಬೇಕು! ಹೋಗು!"

ಸಿಂಗ್ರಿ ಮರೆಯಬಾರದು ಅಂತ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದ. "ಪಾತ್ರದೊಳಗೆ ಇಳೀಬೇಕು, ಪಾತ್ರದೊಳಗೆ ಇಳೀಬೇಕು." ಚರಂಡಿ ಅಡ್ಡ ಬಂತು. ಹುಪ್ ಅಂತ ಹಾರಿದ. "ಪಾತ್ರೆಯೊಳಗೆ ಇಳೀಬೇಕು, ಪಾತ್ರೆಯೊಳಗೆ ಇಳೀಬೇಕು." ಮನೆ ಬಂತು.

ಮುಂದಿನ ಭಾನುವಾರ ಹೊಂಬಾಳಮ್ಮ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಸಿಂಗ್ರಿ ಬಚ್ಚಲ ತಾಮ್ರದ ಹಂಡೆ ಕಿತ್ತು ತಲೆ ಮೇಲೆ ಹೊತ್ತುಕೊಂಡು ಹೊರಟ. ಕೊಠಡಿಯ ಮುಂದುಗಡೆ ಇಟ್ಟು, ಅದರೊಳಗೆ ಇಳಿದು, ಮಂಡಿ ಗದ್ದಕ್ಕೆ ತಾಗೋ ಹಾಗೆ ಕೂತ. ಅವತ್ತಿನ ಸಿನಿಮಾದಲ್ಲಿ ಮಾತೇ ಇಲ್ಲ, ಬರೀ ಮೌನ. ಮೇಷ್ಟ್ರಿಗೆ ಮೌನ ಅಂದರೆ ಪ್ರಾಣ.

ಮೌನ. ಮೌನ. ಸಿಂಗ್ರಿಗೆ ಬೆನ್ನು ಕಡಿಯಿತು. ಡಣ್!

"ಯಾರ್ರೀ ಅದು?"

ಮೌನ. ಮೌನ. ಕಾಲು ಜೋಮು ಹಿಡಿಯಿತು. ಡಣ್ ಡಣ್!

"ದೀಪ ಹಾಕ್ರೀ!" ದೀಪ ಹಾಕಿದರೆ ಹಂಡೆಯೊಳಗಿಂದ ಸಿಂಗ್ರಿಯ ತಲೆ. "ಇಳಿದಿದೀನಿ ಮಾವ! ಏಳೋಕಾಗ್ತಿಲ್ಲ!"

ಅವತ್ತು ಚರ್ಚೆ ನಡೆಯಲಿಲ್ಲ, ಎಳೆದಾಟ ನಡೆಯಿತು. ಧರಣೇಂದ್ರಯ್ಯ ರಟ್ಟೆ ಹಿಡಿದರು, ಮೇಷ್ಟ್ರು ಹಂಡೆ ಹಿಡಿದರು, ಕೊನೆಗೆ ಕೋಡುಬಳೆ ಡಬ್ಬದ ತಳದಲ್ಲಿದ್ದ ಎಣ್ಣೆ ಸವರಿ ಎಳೆದಾಗ ಸಿಂಗ್ರಿ ಪುಳಕ್ ಅಂತ ಹೊರಗೆ ಬಂದ.

"ಪೆದ್ದೇ! ಪಾತ್ರೆ ಅಲ್ಲ ಕಣೋ ನಾನು ಹೇಳಿದ್ದು! ಹಾಳಾಗಿ ಹೋಗಲಿ, ಮುಂದಿನ ವಾರ ಏನೂ ಹೊತ್ಕೊಂಡು ಬರಬೇಡ. ನೋಡಿದ್ದನ್ನ ಎದ್ದು ನಿಂತು ಹೇಳು. ಕಣ್ಣಿಗೆ ಕಟ್ಟೋ ಹಾಗೆ ಹೇಳು, ಅಷ್ಟೇ!"

ಅಷ್ಟೇ ತಾನೆ? ಸಿಂಗ್ರಿ ಅವ್ವನ ಹಳೇ ಸೀರೆ ಪರ್ ಪರ್ ಅಂತ ಹರಿದು ಪಟ್ಟಿ ಮಾಡಿ ಜೇಬಿಗೆ ತುರುಕಿಕೊಂಡ. ಚರ್ಚೆಯಲ್ಲಿ ಅವನ ಸರದಿ ಬಂತು. ಎದ್ದ. ಮೇಷ್ಟ್ರ ಕಣ್ಣಿಗೊಂದು ಪಟ್ಟಿ ಕಟ್ಟಿದ. ಧರಣೇಂದ್ರಯ್ಯನವರ ಕಣ್ಣಿಗೊಂದು ಕಟ್ಟಿದ. ಸಾಲಾಗಿ ಎಲ್ಲರಿಗೂ ಕಟ್ಟಿದ.

"ಏನೋ ಇದು?" ಅಂದರು ಮೇಷ್ಟ್ರು.

"ಸುಮ್ನಿರಿ ಮೇಷ್ಟ್ರೇ, ಏನೋ ಪ್ರಯೋಗ ಇರಬೇಕು. ಹೊಸಬರನ್ನ ಪ್ರೋತ್ಸಾಹಿಸಬೇಕು" ಅಂದರು ಧರಣೇಂದ್ರಯ್ಯ.

ಸಿಂಗ್ರಿ ಗಂಟಲು ಸರಿಮಾಡಿಕೊಂಡ. "ಕಣ್ಣಿಗೆ ಕಟ್ಟಿದೀನಿ. ಈಗ ಹೇಳ್ತೀನಿ. ಸಿನಿಮಾ ಚೆನ್ನಾಗಿತ್ತು." ಹೇಳಿ ಮನೆಗೆ ಹೊರಟುಹೋದ!

ಇವರು ಕಾದರು. ಮುಂದೇನೋ ಬರುತ್ತೆ ಅಂತ ಕಾದರು. ಕಾಫಿ ಫ್ಲಾಸ್ಕು ಹಿಡಿದುಕೊಂಡು ಕುಮುದ ಬಂದಳು. ನೋಡಿದರೆ ಊರಿನ ದೊಡ್ಡ ಮನುಷ್ಯರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗದ್ದ ಮೇಲೆತ್ತಿ ಸಾಲಾಗಿ ಕೂತಿದ್ದಾರೆ. "ಗಾಢವಾಗಿದೆ" ಅನ್ನುತ್ತಿದ್ದಾರೆ ಧರಣೇಂದ್ರಯ್ಯ. ಕುಮುದ ನಕ್ಕಳು ನೋಡಿ! ಫ್ಲಾಸ್ಕು ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಮ್ಮ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

ಮೇಷ್ಟ್ರು ಮಾತ್ರ ನಗಲಿಲ್ಲ. ಸೀದಾ ಹೊಂಬಾಳಮ್ಮನ ಬಾಗಿಲಿಗೇ ಬಂದರು. "ಪೆದ್ದೇ! ಚೆನ್ನಾಗಿತ್ತು ಅಂತ ಒಂದು ಮಾತಲ್ಲಿ ಹೇಳಿ ಓಡೋದಲ್ಲ! ಎಳೆ ಎಳೆಯಾಗಿ ಬಿಡಿಸ್ಬೇಕು! ಎಳೆ ಎಳೆಯಾಗಿ!"

"ಎಳೆ ಎಳೆಯಾಗಿ ಬಿಡಿಸ್ಲಾ" ಅಂತ ಅಳುತ್ತ ಹೇಳಿದಳು ಹೊಂಬಾಳಮ್ಮನೂ. "ಇದೊಂದು ಸಲ ಮರ್ವಾದೆ ಉಳಿಸ್ಲಾ. ಆ ಹುಡುಗಿ ತಪ್ಪಿಹೋದ್ರೆ ನಿಂಗೆ ಇನ್ಯಾರೂ ಇಲ್ಲ ಕಣ್ಲಾ."

ಭಾನುವಾರ ಬಂತು. ಕೊಠಡಿ ಕತ್ತಲಾದ ಕೂಡಲೇ ಸಿಂಗ್ರಿ ಮೆಲ್ಲಗೆ ಅಂಬೆಗಾಲಿಟ್ಟುಕೊಂಡು ಗೋಡೆ ಹತ್ತಿರ ಹೋದ. ಪಂಚೆಯ ಕೆಳಗಿನ ಅಂಚಲ್ಲಿ ಒಂದು ಎಳೆ ಸಿಕ್ಕಿತು. ಸರ್ ಅಂತ ಎಳೆದ. ಇನ್ನೊಂದು ಸಿಕ್ಕಿತು. ಸರ್! ಸಿನಿಮಾದ ಮುದುಕ ನಡೀತಿದ್ದ. ನಡೀತಾ ನಡೀತಾ ಮುದುಕನ ಪಾದ ಕಾಣೆ. ಆಮೇಲೆ ಮೊಣಕಾಲು ಕಾಣೆ.

"ಆಹಾ, ನೆಲವೇ ಇಲ್ಲದ ಮನುಷ್ಯ!" ಅಂದರು ಧರಣೇಂದ್ರಯ್ಯ. "ಏನು ಪ್ರತಿಮೆ!"

"ಪ್ರತಿಮೆ ಅಲ್ಲಾರೀ, ನನ್ನ ಪಂಚೆ!" ಮೇಷ್ಟ್ರು ಎದ್ದು ಹಾರಿ ಬಂದರು.

ಸಿಂಗ್ರಿ ನೂಲಿನ ರಾಶಿ ಮಧ್ಯೆ ಕೂತಿದ್ದ. "ಸೊಂಟದವರೆಗೂ ಬಿಡಿಸಿದೀನಿ ಮಾವ! ಇನ್ನು ಸ್ವಲ್ಪ ಇದೆ, ಮುಗಿಸಿಬಿಡ್ತೀನಿ!"

"ಮುಗಿಸ್ಬೇಡ! ಮುಗಿಸ್ಬೇಡ್ವೋ ಪೆದ್ದೇ!" ಮೇಷ್ಟ್ರು ಕೋಪದಲ್ಲೂ ಪಾಠ ಬಿಡಲಿಲ್ಲ. "ಯಾವುದನ್ನೂ ಪೂರ್ತಿ ಮುಗಿಸ್ಬಾರದು! ಕೊನೆಯದನ್ನ ಪ್ರೇಕ್ಷಕರಿಗೆ ಬಿಡಬೇಕು! ಅದು ಕಲೆ!"

"ಸರಿ ಮಾವ. ಕೊನೆಯದನ್ನ ಪ್ರೇಕ್ಷಕರಿಗೆ ಬಿಡಬೇಕು."

ಮನೆಗೆ ಬಂದು ಮೇಷ್ಟ್ರು, "ಈ ನಂಟಸ್ತನ ಸಾಕು" ಅಂದರು. ಅರ್ಧ ಪಂಚೆಯ ಅಂಚನ್ನು ಮಡಚಿ ಹೊಲೀತಿದ್ದ ಕುಮುದ ಮಷೀನು ನಿಲ್ಲಿಸಿದಳು.

"ಅಪ್ಪಾ, ಮೊದಲು ನನ್ನ ಕೇಳೋಕೆ ಬಂದ ಬ್ಯಾಂಕಿನ ಗಂಡು ನಿಮ್ಮ ಸಿನಿಮಾದಲ್ಲಿ ಗೊರಕೆ ಹೊಡೆದ. ಕಾಲೇಜಿನ ಗಂಡು ನಿಮಗಿಂತ ಜಾಸ್ತಿ ಮಾತಾಡಿದ. ನಿಮ್ಮ ಥರದವರು ಇಬ್ಬರಾದ್ರೆ ನಾನು ಈ ಮನೇಲಿ ಬದುಕಕ್ಕಾಗುತ್ತಾ? ಇವರು ಒಂದು ವಾರವೂ ತೂಕಡಿಸಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾರೆ. ನೀವು ಹೇಳೋದು ಅರ್ಥವಾಗೋ ಹಾಗಿಲ್ಲ, ಅದು ಅವರ ತಪ್ಪಾ? ನಾನು ಸರಿಯಾಗಿ ಹೇಳ್ಕೋತೀನಿ."

ಮಗಳ ಎದುರಿಗೆ ಮೇಷ್ಟ್ರ ಚರ್ಚೆ ಎಂದೂ ನಡೆದದ್ದಿಲ್ಲ. ಮದುವೆ ಗೊತ್ತಾಯಿತು.

ಹೊಂಬಾಳಮ್ಮನ ಕಾಲು ನೆಲದ ಮೇಲಿಲ್ಲ. ಮದುವೆ ದಿನ ಬೆಳಿಗ್ಗೆ ಮಗನಿಗೆ ಎಣ್ಣೆ ನೀರು ಹಾಕಿ, ಪೇಟ ಸುತ್ತಿ, ಗದ್ದ ಹಿಡಿದು ಹೇಳಿದಳು, "ಮಗಾ, ಇವತ್ತೊಂದು ದಿನ ಮಾವ ಹೇಳ್ಕೊಟ್ಟಂಗೆ ನಡ್ಕೊ."

ಹೇಳಬಾರದ ಮಾತು ಹೇಳಿಬಿಟ್ಟಳು!

ಮೇಷ್ಟ್ರಿಗೆ ಆ ಪಂಚೆಯ ಮೇಲೆ ಮಮಕಾರ. ಉಳಿದ ಅರ್ಧವನ್ನೇ ಗಂಡು ಹೆಣ್ಣಿನ ನಡುವೆ ತೆರೆಯಾಗಿ ಹಿಡಿಸಿದರು. ತೆರೆ ಸರಿಯಿತು. ಐನೋರು "ಗಟ್ಟಿಮೇಳ, ಗಟ್ಟಿಮೇಳ!" ಅಂದರು. ಓಲಗ ಮೊಳಗಿತು. ಸಿಂಗ್ರಿ ತಾಳಿ ಎತ್ತಿ ಒಂದು ಗಂಟು ಹಾಕಿದ. ಎರಡು ಗಂಟು ಹಾಕಿದ. ಕೈ ಒರೆಸಿಕೊಂಡು ಕೂತ.

"ಇನ್ನೊಂದು ಗಂಟಪ್ಪ" ಅಂದರು ಐನೋರು.

"ಹಾಕಲ್ಲ. ಅದನ್ನ ಪ್ರೇಕ್ಷಕರಿಗೆ ಬಿಟ್ಟಿದೀನಿ."

ಓಲಗದವರು ಊದುತ್ತಲೇ ಇದ್ದರು. ಮಂಟಪದಲ್ಲಿ ಗುಲ್ಲೋ ಗುಲ್ಲು. ಮುಂದಿನ ಸಾಲಲ್ಲಿ ಧರಣೇಂದ್ರಯ್ಯ ಪಕ್ಕದವರ ಕಡೆ ತಿರುಗಿದರು. "ಗಮನಿಸಿದ್ರಾ? ಮೊದಲ ಗಂಟು ಗಂಡು, ಎರಡನೇದು ಹೆಣ್ಣು. ಮೂರನೇದು ಸಮಾಜ. ಅದು ಖಾಲಿ!" ಪಕ್ಕದವರು, "ಅಲ್ಲ, ಮೂರನೇದು ಕಾಲ" ಅಂದರು. ಶುರುವಾಯಿತು ಚರ್ಚೆ!

"ಮುಹೂರ್ತ ಮೀರ್ತಾ ಇದೆ!" ಐನೋರು ಬೊಬ್ಬೆ ಹಾಕಿದರು. ಹೊಂಬಾಳಮ್ಮ ಕಂಬಕ್ಕೆ ತಲೆಕೊಟ್ಟು ಅತ್ತೇಬಿಟ್ಟಳು. ಬಾಯಿಗೆ ಬಂದ ತುತ್ತು ಜಾರಿಹೋಗುತ್ತಿತ್ತಲ್ಲ!

ಮೇಷ್ಟ್ರ ಮೈಯೆಲ್ಲ ಬೆವರು. "ಮುಗಿಸೋ! ಮುಗಿಸಪ್ಪಾ!"

"ಮುಗಿಸ್ಬಾರದು ಮಾವ, ಅದು ಕಲೆ."

"ಕಲೆ ಮನೆ ಹಾಳಾಯ್ತು! ನನ್ನ ಮಗಳ ಮದುವೆ ಕಣೋ! ಶುಭಂ ಹಾಕೋ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ, ಶುಭಂ ಹಾಕೋ!"

ಶುಭಂ ಹಾಕಬೇಕಾ? ಹಾಕಿದ! ಆರತಿ ತಟ್ಟೆಯ ಕೆಂಪು ನೀರಿಗೆ ಬೆರಳದ್ದಿ, ಆ ಅರ್ಧ ಪಂಚೆಯ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ "ಶುಭಂ" ಅಂತ ಬರೆದು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಜನ ನೋಡಿದರು. ಶುಭಂ ಬಂದ ಮೇಲೆ ಕೂರೋ ಪದ್ಧತಿ ನಮ್ಮ ಜನಕ್ಕೆ ಎಲ್ಲಿದೆ? ಒಬ್ಬರು ಎದ್ದರು, ಇಬ್ಬರು ಎದ್ದರು, ಇಡೀ ಮಂಟಪ ಎದ್ದು ಚಪ್ಪಲಿ ಹುಡುಕಿಕೊಂಡು ಊಟದ ಮನೆಗೆ ನುಗ್ಗಿತು. ಧರಣೇಂದ್ರಯ್ಯ ಎಲ್ಲರಿಗಿಂತ ಮುಂದೆ!

ಮಂಟಪದಲ್ಲಿ ಉಳಿದವರು ಮನೆಯವರು, ಐನೋರು, ಬಾಕಿಯಿದ್ದ ಒಂದು ಗಂಟು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಕುಮುದ ಭುಜ ಕುಲುಕಿಸುತ್ತಿದ್ದಳು. ಅಳ್ತಿದಾಳೆ ಅಂದುಕೊಂಡರು. ನಗ್ತಿದ್ದಳು! "ಪ್ರೇಕ್ಷಕರಿಗೆ ಬಿಟ್ಟಿದ್ದೀರಲ್ಲ? ನಾನೂ ಪ್ರೇಕ್ಷಕಿಯೇ" ಅಂತ ಎರಡೂ ಕೈ ಹಿಂದಕ್ಕೆ ಕೊಟ್ಟು, ಮೂರನೇ ಗಂಟನ್ನು ತಾನೇ ಬಿಗಿಯಾಗಿ ಹಾಕಿಕೊಂಡಳು.

ಹೊಂಬಾಳಮ್ಮ ಓಡಿ ಬಂದು ಸೊಸೆಯ ಕೈಯನ್ನು ಮಗನ ಕೈಯಲ್ಲಿಟ್ಟಳು. "ಇನ್ನು ನಂಗೆ ಚಿಂತೆ ಇಲ್ಲ ಕಣವ್ವ. ಏನೇ ಆಗ್ಲಿ, ಕೈ ಬಿಡಬ್ಯಾಡಿ."

ಸಿಂಗ್ರಿ ಗಟ್ಟಿಯಾಗಿ ತಲೆ ಆಡಿಸಿದ. ಕೈ ಬಿಡಲಿಲ್ಲ. ಧಾರೆಗೆ ಬಿಡಲಿಲ್ಲ, ಆರತಿಗೆ ಬಿಡಲಿಲ್ಲ. ಊಟಕ್ಕೆ ಎಲೆ ಹಾಕಿದರು, ಆಗಲೂ ಬಿಡಲಿಲ್ಲ. ಅವನ ಬಲಗೈ, ಅವಳ ಬಲಗೈ, ಎರಡೂ ಒಂದೇ ಮುಷ್ಟಿ. ಪಾಯಸ ಎಲೆ ತುದಿ ದಾಟಿ ಹರಿದು ಹೊರಟಿತ್ತು.

"ಬಿಡ್ರೀ, ಊಟ ಮಾಡೋದು ಬೇಡ್ವಾ!" ಅಂದಳು ಕುಮುದ.

"ಇಲ್ಲ, ಅವ್ವ ಹೇಳವ್ಳೆ. ಏನೇ ಆಗ್ಲಿ!"

ಹೊಂಬಾಳಮ್ಮ "ಪೆದ್ದು ಮುಂಡೇದೆ" ಅಂತ ಬೈದಳು. ಬೈದು, ಬುದ್ಧಿ ಹೇಳಲು ಬಾಯಿ ತೆರೆದಳು. ಮೇಷ್ಟ್ರು ದೂರದಿಂದಲೇ ಎರಡೂ ಕೈ ಮುಗಿದರು. ಅವಳೂ ಯೋಚನೆ ಮಾಡಿದಳು, ಬೇಡ ಅನ್ನಿಸಿತು. ಇಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತು, ಅನ್ನ ಕಲಸಿ, ಮಗನ ಬಾಯಿಗೊಂದು ತುತ್ತು, ಸೊಸೆಯ ಬಾಯಿಗೊಂದು ತುತ್ತು ಇಡುತ್ತ ಹೋದಳು.