ಭೂಮಿಯ ಮಡಿಲಿಂದ ಚೆಲ್ಲಿದ ಕಾಳು

ಆಗಿನ್ನೂ ಲೋಕ ಹಸುಗೂಸು. ಆಕಾಶದಲ್ಲಿ ಒಬ್ಬಳು ಮುದುಕಿ ಚುಕ್ಕಿ ಇದ್ದಳು. ಅವಳ ಕಿರಿಮಗಳೇ ನಮ್ಮ ಭೂಮಿ. ಭೂಮಿಯನ್ನು ಸೂರ್ಯನ ಮನೆಗೆ ಕೊಟ್ಟಿದ್ದರು.

ಹೊರಡುವ ದಿನ ತಾಯಿ ಮಗಳಿಗೆ ಮಡಿಲು ತುಂಬಿದಳು. ಚುಕ್ಕಿಗಳ ಮನೆಯಲ್ಲಿ ಅಕ್ಕಿ ಬೆಲ್ಲ ಎಲ್ಲಿಂದ ಬರಬೇಕು? ಅಕ್ಕಿಯ ಬದಲು ಕಬ್ಬಿಣದ ಕಾಳು ಹಾಕಿದಳು. ಹಸಿರು ಬಳೆಯ ಬದಲು ಹಸಿರು ಕಲ್ಲಿನ ಹರಳು ಹಾಕಿದಳು.

"ಸೆರಗು ಗಂಟು ಹಾಕ್ಕೊಳೇ," ಅಂದಳು ತಾಯಿ.

"ಹಾಕ್ಕೋತೀನಮ್ಮ," ಅಂದಳು ಭೂಮಿ. ಹಾಕಿಕೊಂಡಳೇ? ಎಲ್ಲಿ! ಹೊಸ ಮನೆಗೆ ಹೋಗುವ ಸಡಗರ ಅವಳಿಗೆ.

ಅಲ್ಲಿಗೆ ಹೋಗಿ, ಸುಮ್ಮನೆ ನಿಂತರೆ ಸೋಮಾರಿ ಅಂದಾರು ಎಂದು ಸೂರ್ಯನ ಸುತ್ತ ಗಿರಗಿರ ಸುತ್ತತೊಡಗಿದಳು. ಸೆರಗು ಬಿಚ್ಚಿಕೊಂಡಿತು. ಕಾಳೆಲ್ಲ ಚೆಲ್ಲಿ ಆಕಾಶದ ತುಂಬ ದೂಳಾಗಿ ಹರಡಿತು.

ಗಾಬರಿಯಿಂದ ತವರಿನ ಕಡೆ ತಿರುಗಿ ನೋಡಿದರೆ, ಮುದುಕಿ ಚುಕ್ಕಿ ಆರಿಹೋಗಿದ್ದಳು. ಇನ್ನು ಮಡಿಲು ತುಂಬುವವರು ಯಾರು?

"ಅಮ್ಮ ಕೊಟ್ಟಿದ್ದು ಒಂದು ಕಾಳೂ ಉಳೀಲಿಲ್ಲ," ಎಂದು ಭೂಮಿ ಬಿಕ್ಕಿಬಿಕ್ಕಿ ಅತ್ತಳು.

ಪಕ್ಕದಲ್ಲೇ ಇದ್ದ ಚಂದ್ರ ಹೇಳಿದ: "ಅಳಬೇಡಕ್ಕ. ಅದು ಚೆಲ್ಲಿರೋದು ನೀನು ಓಡಾಡೋ ದಾರೀಲೇ. ದಿನಾ ಒಂದಿಷ್ಟು ನಿನ್ನ ಮೈಮೇಲೇ ಬೀಳ್ತಿದೆ, ನೋಡ್ಕೋ."

ಭೂಮಿ ಮೈ ನೋಡಿಕೊಂಡಳು. ಮೈತುಂಬ ದೂಳು! ಅದರಲ್ಲಿ ಅಮ್ಮನದು ಯಾವುದು, ತನ್ನದು ಯಾವುದು?

ಹೊಳೆ ಬಂದು ದೂಳನ್ನು ತೊಳೆಯಿತು. ಹಗುರವಾದ ಮಣ್ಣು ಹರಿದುಹೋಯಿತು, ಭಾರದ ಕಾಳು ತಳದಲ್ಲಿ ಉಳಿಯಿತು. ಆಮೇಲೆ ಕಬ್ಬಿಣವನ್ನು ಎಳೆಯುವ ಸೂಜಿಗಲ್ಲು ಬಂತು. ಕಪ್ಪು ಕಾಳುಗಳು ಓಡಿಬಂದು ಅದಕ್ಕೆ ಅಂಟಿಕೊಂಡವು.

"ಇವೆಲ್ಲ ಕಬ್ಬಿಣವೇ ಅಕ್ಕ," ಎಂದಿತು ಸೂಜಿಗಲ್ಲು. "ಆದ್ರೆ ಕಬ್ಬಿಣ ನಿನ್ನ ಬೆಟ್ಟದಲ್ಲೂ ಇದೆ. ಹಸಿರು ಕಲ್ಲೂ ಇದೆ. ಅಮ್ಮಂದು ಯಾವುದು ಅಂತ ನಾನು ಹೇಗೆ ಹೇಳ್ಲಿ?"

ಭೂಮಿಯ ಮುಖ ಬಾಡಿತು.

ಆಗ ಬೆಟ್ಟದ ಹಿಂದಿನಿಂದ ಗಾಳಿ ಮೆಲ್ಲಗೆ ಇಣುಕಿತು. ಊರೆಲ್ಲ ಕಿರುಚಾಡಿಕೊಂಡು ತಿರುಗುವ ಗಾಳಿ ಅವತ್ತು ಪಿಸುಗುಟ್ಟಿತು:

"ನಂಗೊತ್ತು. ಹೇಳಿದ್ರೆ ಬೈತೀಯ."

"ಬೈಯಲ್ಲ. ಹೇಳಪ್ಪ."

"ಮೇಲಿಂದ ರಭಸವಾಗಿ ಬರೋ ಕಾಳು ನನ್ನ ಮೈಗೆ ಉಜ್ಜಿ, ಕಾದು ಕರಗಿಬಿಡುತ್ತೆ. ಕರಗಿದ್ದು ತಣ್ಣಗಾಗೋ ಹೊತ್ತಿಗೆ ಗುಂಡಗಾಗಿರುತ್ತೆ. ಗುಂಡಗಿರೋದೇ ಅಮ್ಮಂದು. ಅದನ್ನ ಸುಟ್ಟಿದ್ದು ನಾನೇ ಅಕ್ಕ."

ಭೂಮಿ ಸೂಜಿಗಲ್ಲಿನ ಮೇಲೆ ಹುಡುಕಿದಳು. ಅವಳ ಬೆಟ್ಟದ ಕಾಳೆಲ್ಲ ಚೂಪುಚೂಪು, ಮೂಲೆಮೂಲೆ. ಅವುಗಳ ನಡುವೆ ಒಂದೇ ಒಂದು, ಸಾಸಿವೆಗಿಂತ ಎಷ್ಟೋ ಚಿಕ್ಕದು, ಕಪ್ಪಗೆ ಗುಂಡಗೆ ಕೂತಿತ್ತು.

ಗಾಳಿ ಬೈಗುಳಕ್ಕೆ ಕಾದೇ ಕಾಯಿತು. ಭೂಮಿ ಆ ಕಾಳನ್ನು ಎದೆಗೆ ಒತ್ತಿಕೊಂಡಳು.

"ಸುಟ್ಕೊಂಡು ಬಂದ್ರೂ ನನ್ನ ಹತ್ರಾನೇ ಬಂತಲ್ಲೋ," ಎಂದಳು.

ಆವತ್ತಿನಿಂದ ಭೂಮಿ ಸುತ್ತುವುದನ್ನು ನಿಲ್ಲಿಸಿಲ್ಲ. ನಿಂತರೆ ದಾರಿಯಲ್ಲಿ ಚೆಲ್ಲಿದ್ದನ್ನು ಆಯುವವರು ಯಾರು?

ಅದಕ್ಕೇ ಮಗೂ, ತಾರಸಿಯ ದೂಳಿನಲ್ಲಿ ನೀನು ಅಯಸ್ಕಾಂತ ಆಡಿಸುವಾಗ ಗುಂಡಗಿನ ಕರಿಯ ಕಾಳೊಂದು ಅಂಟಿಕೊಂಡರೆ ಉಫ್ ಎಂದು ಊದಿಬಿಡಬೇಡ, ಭೂಮಿಗೆ ಅವಳ ಅಮ್ಮ ತುಂಬಿದ ಮಡಿಲು ಇನ್ನೂ ತುಂಬುತ್ತಲೇ ಇದೆ.