ಮೆಣಸಿನಕಾಯಿ ತಿನ್ನುವ ಗಿಳಿಯ ಸುದ್ದಿ

"ಕಿವಿ ಇಲ್ಲಿ ಕೊಡು, ಯಾರ ಮುಂದೂ ಬಾಯಿ ಬಿಡಬೇಡ," ಎಂದು ಸಪೋಟ ಮರದ ಅಳಿಲಜ್ಜಿ ದನಿ ತಗ್ಗಿಸಿ ಕಾಗೆಗೆ ಹೇಳಿದಳು. "ಪೊಟರೆಯ ಗಿಳಿ ಇದ್ದಾಳಲ್ಲ, ಹಸಿಮೆಣಸಿನಕಾಯಿಯನ್ನು ಬೀಜ ಸಮೇತ ಅಗಿಯುತ್ತಾಳೆ! ನಾನೊಮ್ಮೆ ಕಚ್ಚಿ ಮೂರು ದಿನ ಅತ್ತಿದ್ದೆ. ಅಷ್ಟು ಖಾರ ತಿನ್ನೋಳ ಸ್ವಭಾವ ಎಂಥದ್ದಿರಬೇಕು? ಗಂಡ ಹಾರಿಹೋದದ್ದು ಸುಮ್ಮನೆ ಅಲ್ಲ ಕಣೇ."

ಕಾಗೆ ತೋಪಿಗೆಲ್ಲ ಸಾರಿದಳು, ಗಿಳಿಯನ್ನೂ ಸೇರಿಸಿ. ಮರುದಿನ ಗಿಳಿ ಮರಿಗಳನ್ನು ಕರೆದುಕೊಂಡು ಹೊರಟೇಬಿಟ್ಟಳು. ಆ ಮರದಲ್ಲಿ ಅಜ್ಜಿಗೆ ಉಳಿದಿದ್ದ ನೆರೆಯವಳು ಅವಳೊಬ್ಬಳೇ. ಮಾಗಿದ ಸಪೋಟ ಹಿಡಿದು ಅಜ್ಜಿ ಅಡ್ಡ ನಿಂತಳು.

"ನೀನೂ ಹೋದರೆ ನಾನು ಯಾರ ಹತ್ತಿರ ಮಾತಾಡಲೇ, ಮಗಳೇ?"

"ಹಕ್ಕಿಗಳ ನಾಲಿಗೆಗೆ ಮೆಣಸಿನಕಾಯಿ ಖಾರವೇ ಹತ್ತೋದಿಲ್ಲ, ಅಜ್ಜಿ," ಎಂದಳು ಗಿಳಿ. "ಖಾರ ಅಂದರೇನು ಅಂತ ನನಗೆ ಗೊತ್ತಾದದ್ದೇ ನಿನ್ನೆ, ಕಾಗೆ ಬಂದು ನಿಮ್ಮ ಮಾತು ಹೇಳಿದಾಗ."