ಕೊಟ್ರೇಶಿ ಗೇಮ್ ಬಿಚ್ಚಿಸಿದ್ದು

ಹೇಳಿದ ಮಾತು ಕೇಳುವ ಮಗ ಹುಟ್ಟಲಿ ಎಂದು ಹಂಪವ್ವ ಹರಕೆ ಹೊತ್ತಿದ್ದಳು. ಹೇಳಿದ್ದನ್ನಷ್ಟೇ ಕೇಳುವ ಮಗನನ್ನು ದೇವರು ಕೊಟ್ಟ. ಹೆಸರು ಕೊಟ್ರೇಶಿ. ವಯಸ್ಸು ಇಪ್ಪತ್ತೆಂಟು.

ಪಾತ್ರೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಹಂಪವ್ವ ಕುಕ್ಕರ್ ಬರಲಿ ಅಂದುಕೊಂಡಿದ್ದಳು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಬಂತು. ಕೊಟ್ರೇಶಿ ಅದರಲ್ಲಿ ಹನ್ನೆರಡನೇ ಲೆವೆಲ್ ದಾಟಿದ. ಓಣಿಯಲ್ಲಿ ಒಬ್ಬರೂ ನಂಬಲಿಲ್ಲ.

ಪಕ್ಕದ ಮನೆಯಲ್ಲಿ ಚಿಕ್ಕವ್ವನ ಮಗ ವಾಗೀಶ. ಅವನು ಒಂಬತ್ತನೇ ಲೆವೆಲ್ಲಿಗೇ ಸಾಯುತ್ತಿದ್ದ. ಆದರೆ ಅವನ ಗೇಮಿನಲ್ಲಿ ಆಟ ರೆಕಾರ್ಡ್ ಆಗುತ್ತಿತ್ತು. ಅವನು ಸಾಯುವುದನ್ನು ಇಡೀ ಓಣಿ ಮೊಬೈಲಿನಲ್ಲಿ ನೋಡಿ ಮೆಚ್ಚುತ್ತಿತ್ತು.

"ಅವ್ವಾ, ಅವನು ಸತ್ತರೆ ಚಪ್ಪಾಳೆ! ನಾನು ಬದುಕಿದರೆ ಸುಳ್ಳು!"

ರಿಪೇರಿ ಅಂಗಡಿಯ ಇಮಾಂಸಾಬ್ ಗೇಮ್ ನೋಡಿ ಹೇಳಿದ: "ಬಿಚ್ಚಿ ಒಳಗೊಂದು ಬೋರ್ಡ್ ಕೂರಿಸಿದರೆ ಇದರಲ್ಲೂ ರೆಕಾರ್ಡ್ ಆಗ್ತದೆ. ಆದರೆ ಬಿಚ್ಚಿದ್ದು ಹೆಚ್ಚು ದಿನ ಬದುಕುತ್ತೆ ಅನ್ನೋ ಗ್ಯಾರಂಟಿ ಇಲ್ಲ."

"ಹಿಂದೆ ಮುಂದೆ ನೋಡದೆ ಬಿಚ್ಚಿಸಬ್ಯಾಡಲೇ," ಎಂದಳು ಹಂಪವ್ವ.

ಕೊಟ್ರೇಶಿ ಕಟ್ಟೆಯ ಮೇಲೆ ಕೂತ. ಗೇಮಿನ ಹಿಂದೆ ನೋಡಿದ. ಮುಂದೆ ನೋಡಿದ. ಹಿಂದೆ ನೋಡಿದ. ಮುಂದೆ ನೋಡಿದ. ಮೂರು ದಿನ ನೋಡಿದ. ಅಷ್ಟರಲ್ಲಿ ವಾಗೀಶ ಇನ್ನೆರಡು ಸಲ ಸತ್ತು ನೂರು ಲೈಕ್ ಪಡೆದ.

"ಏನು ಕಂಡಿತೋ?"

"ಹಿಂದೆ ನಾಲ್ಕು ಸ್ಕ್ರೂ. ಮುಂದೆ ನನ್ನ ಮುಖ."

"ಅಯ್ಯೋ ನನ್ನ ಕರ್ಮವೇ! ಇಂಥದಕ್ಕೆಲ್ಲ ಅಳೆದು ಸುರಿದು ನೋಡಬೇಕೋ!"

ಕೊಟ್ರೇಶಿ ಒಳಗೆ ಹೋದ. ಗೇಮನ್ನು ಮೊರದಲ್ಲಿಟ್ಟ. ಸೇರಿನಲ್ಲಿ ಜೋಳ ಅಳೆದ, ಗೇಮಿನ ಮೇಲೆ ಸುರಿದ. ಅಳೆದ, ಸುರಿದ. ಮೂರನೇ ಸೇರಿಗೆ ಗೇಮ್ ಕಾಣೆಯಾಯಿತು. ಏಳನೇ ಸೇರಿಗೆ ಮೊರವೂ ಕಾಣೆಯಾಯಿತು.

"ಅವ್ವಾ, ಚೀಲ ಖಾಲಿ, ಏನೂ ಗೊತ್ತಾಗಲಿಲ್ಲ. ವಾಗೀಶನ ಮನೇಲಿ ಎಷ್ಟು ಸೇರು ಸುರಿದಿದ್ದರು?"

"ಲೇ ಮಂಕೇ! ಇದು ಮನೇಲಿ ಕೂತರೆ ಬಗೆಹರಿಯೋದಲ್ಲ. ಹೋಗು, ತಿಳಿದವರ ಕಿವಿಗೆ ಹಾಕು!"

ಇಮಾಂಸಾಬ್ ಬಗ್ಗಿ ಕೂತು ಯಾರದೋ ರೇಡಿಯೋಗೆ ಬೆಸುಗೆ ಹಾಕುತ್ತಿದ್ದ. ಕೊಟ್ರೇಶಿ ಗೇಮಿನ ದನಿ ಪೂರ್ತಿ ಏರಿಸಿ ಅವನ ಕಿವಿಗೆ ಒತ್ತಿದ. ಗೇಮಿನೊಳಗೆ ಬಾಂಬ್ ಸಿಡಿಯಿತು. ಇಮಾಂಸಾಬ್ ಸ್ಟೂಲಿನಿಂದ ಬಿದ್ದ.

"ಯಾ ಅಲ್ಲಾ! ಇದೇನೋ?"

"ನಿಮ್ಮ ಕಿವಿಗೆ ಹಾಕಿದೆ ಸಾಬರೇ. ಬಿಚ್ಚಿಸಲೋ, ಬ್ಯಾಡವೋ?"

"ಕೊಡಿಲ್ಲಿ ಮಾರಾಯ! ಈಗಲೇ ಬಿಚ್ತೀನಿ! ಇನ್ನೊಂದು ಸಲ ಕೇಳಿದರೆ ನಾನು ಕಿವುಡ!"

ಹೀಗೆ, ಸಾಕಷ್ಟು ಆಲೋಚನೆಯ ನಂತರ, ನಿರ್ಧಾರವಾಯಿತು. ಬಿಚ್ಚಿದಾಗ ಒಳಗಿನಿಂದ ಎರಡು ಕಾಳು ಜೋಳ ಉದುರಿದವು. ಬೋರ್ಡ್ ಕೂತಿತು. ಗೇಮ್ ಎದ್ದಿತು.

"ಇನ್ನು ನಿನ್ನ ತಲೆ ಓಡಿಸಬ್ಯಾಡ," ಎಂದಳು ಹಂಪವ್ವ. "ವಾಗೀಶ ಹೆಂಗೆ ಶುರುಮಾಡ್ತಾನೋ ಹಂಗೇ ಶುರುಮಾಡು. ಒಂದಕ್ಷರ ಆಚೀಚೆ ಆಗಬಾರದು!"

ಕೊಟ್ರೇಶಿ ಕೆಂಪು ಗುಂಡಿ ಒತ್ತಿದ. ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಒಂಬತ್ತು ದಾಟಿದ. ಹತ್ತು ದಾಟಿದ. ಹನ್ನೊಂದು ದಾಟಿದ. ಹನ್ನೆರಡೂ ದಾಟಿದ! ಅಷ್ಟಕ್ಕೆ ಗೇಮ್ ಕಣ್ಣು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಇಮಾಂಸಾಬ್ ಒಳಗಿನ ರೆಕಾರ್ಡಿಂಗ್ ಮಾತ್ರ ಉಳಿಸಿಕೊಟ್ಟ. ಸಂಜೆಯೊಳಗೆ ಅದು ಓಣಿಯ ಎಲ್ಲ ಮೊಬೈಲಿಗೂ ತಲುಪಿತು.

ಓಣಿ ಸೇವಂತಿಗೆ ಹಾರ ಹಿಡಿದು ಬಂತು. ಹಂಪವ್ವ ಸೆರಗು ಸರಿಮಾಡಿಕೊಂಡು ಬಾಗಿಲು ತೆರೆದಳು. ಹಾರ ಮುಂದೆ ಸಾಗಿ ಪಕ್ಕದ ಮನೆಗೆ ಹೋಯಿತು.

ಅವಳು ಗಾಬರಿಯಾಗಿ ಮೊಬೈಲ್ ಹಚ್ಚಿದಳು. ಮಗನ ದನಿ ಕೇಳಿತು:

"ನಮಸ್ಕಾರ ಗೆಳೆಯರೇ, ನಾನು ನಿಮ್ಮ ಪ್ರೀತಿಯ ವಾಗೀಶ!"

"ದನಿ ಒಂಚೂರು ಒಡೆದಿದೆ, ಪಾಪ, ನೆಗಡಿ ಇರಬೇಕು," ಅನ್ನುತ್ತಿತ್ತು ಓಣಿ.

ಹಂಪವ್ವ ಹಣೆ ಚಚ್ಚಿಕೊಂಡಳು. ಕೊಟ್ರೇಶಿ ಗೋಡೆಯಾಚೆ ಇಣುಕಿ ಹಾರ ನೋಡಿದ.

"ನೋಡಿದೆಯಾ ಅವ್ವಾ, ಹನ್ನೆರಡು ದಾಟೇಬಿಟ್ಟ ಕಳ್ಳ! ಇನ್ನು ನಾನೂ ದಾಟಿದ್ದೆ ಅಂದರೆ ಯಾರು ನಂಬ್ತಾರೆ?"